ಉದ್ದನೆಯ ಹುಡುಗಿ

ಹುಡುಗಿ ಎತ್ತರ ಬೆಳೆದರೆ ನಮ್ಮ ಮನೆಗಳಲ್ಲಿ ಏನೇನು ಮಾತು ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆರನೇ ಕ್ಲಾಸಿನವರೆಗೆ ‘ಚೆನ್ನಾಗಿ ಬೆಳೀತಿದಾಳೆ’ ಎಂದು ಖುಷಿಪಡುತ್ತಾರೆ. ಎಂಟನೇ ಕ್ಲಾಸಿಗೆ ‘ಅಪ್ಪನನ್ನೇ ಮೀರಿಸ್ತಾಳಲ್ಲೇ ಇವಳು’ ಎಂದು ಶುರುವಾಗುತ್ತದೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ‘ಇವಳಿಗೆ ಗಂಡು ಎಲ್ಲಿಂದ ಹುಡುಕೋದು’ ಎಂಬ ಚಿಂತೆ. ಶಾಲೆಯಲ್ಲಂತೂ ತೆಂಗಿನಮರ, ಲೈಟು ಕಂಬ, ಒಂಟೆ ಎಂದು ದಿನಕ್ಕೊಂದು ಹೆಸರು. ಕೊನೆಗೆ ಆ ಹುಡುಗಿ ಬೆನ್ನು ಬಗ್ಗಿಸಿ ನಡೆಯುವುದನ್ನು ಕಲಿಯುತ್ತಾಳೆ. ಗ್ರೂಪ್ ಫೋಟೋ ತೆಗೆಯುವಾಗ ಯಾರೂ ಹೇಳದೆಯೇ ಹಿಂದಿನ ಸಾಲಿನ ತುದಿಗೆ ಹೋಗಿ ನಿಲ್ಲುತ್ತಾಳೆ.

ಈ ವಾರ ಅಂಥ ಒಬ್ಬ ಉದ್ದನೆಯ ಹುಡುಗಿಯ ಕಥೆ ಹೇಳುತ್ತೇನೆ. ಮಕ್ಕಳು ಜೊತೆಗಿದ್ದರೆ ಅವರಿಗೂ ಓದಿ ಹೇಳಿ. ಇದು ಅಮೆರಿಕದ ಹಳ್ಳಿಯೊಂದರಲ್ಲಿ ಹುಟ್ಟಿದ ಹುಡುಗಿಯ ಕಥೆ. ಹೆಸರು ಲೂಸಿಯಾ ಹ್ಯಾರಿಸ್. ಅವಳ ಬಗ್ಗೆ 22 ನಿಮಿಷದ ಒಂದು ಸಾಕ್ಷ್ಯಚಿತ್ರವಿದೆ, ‘ದಿ ಕ್ವೀನ್ ಆಫ್ ಬಾಸ್ಕೆಟ್‌ಬಾಲ್’. ಬಾಸ್ಕೆಟ್‌ಬಾಲ್ ರಾಣಿ ಎಂದು ಅರ್ಥ.

ಹೋದ ಮಾರ್ಚ್‌ನಲ್ಲಿ ಅಕ್ಕನ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅವನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲೇ ಈ ಚಿತ್ರ ನೋಡಿದ್ದು. ಅಲ್ಲಿ ಮಾರ್ಚ್ ಎಂದರೆ ಕಾಲೇಜು ಬಾಸ್ಕೆಟ್‌ಬಾಲ್ ತಿಂಗಳು. ದೇಶದ ಆಯ್ದ ಕಾಲೇಜು ತಂಡಗಳು ರಾಷ್ಟ್ರೀಯ ಪಂದ್ಯಾವಳಿಗೆ ಇಳಿಯುತ್ತವೆ. ನಮ್ಮಲ್ಲಿ ಐಪಿಎಲ್ ಬಂದಾಗ ಆಫೀಸು, ಹೋಟೆಲು, ಬಸ್ಸಿನಲ್ಲಿ ಯಾವ ಮಾತಿರುತ್ತದೋ ಅಲ್ಲಿ ಆ ತಿಂಗಳು ಇದರ ಮಾತು. ಮಾರ್ಚ್‌ನಲ್ಲೇ ಮಹಿಳೆಯರ ಇತಿಹಾಸವನ್ನು ನೆನೆಯುವ ಪದ್ಧತಿಯೂ ಅಲ್ಲಿದೆ. ಎರಡನ್ನೂ ಸೇರಿಸಿ ಕ್ಯಾಂಪಸ್ಸಿನ ಸಣ್ಣ ಸಭಾಂಗಣದಲ್ಲಿ ಒಂದು ಸಂಜೆ ಈ ಚಿತ್ರ ಇಟ್ಟುಕೊಂಡಿದ್ದರು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಬಾಗಿಲಲ್ಲಿ ಕಾಗದದ ಪೊಟ್ಟಣದಲ್ಲಿ ಪಾಪ್‌ಕಾರ್ನ್ ಕೊಡುತ್ತಿದ್ದರು.

ನನ್ನ ಜೊತೆಗೆ ಬಂದಿದ್ದು ಅಕ್ಕನ ಮೊಮ್ಮಗಳು. ಹದಿಮೂರು ವರ್ಷ, ಆಗಲೇ ನನಗಿಂತ ಒಂದು ಗೇಣು ಉದ್ದ. ನನ್ನನ್ನು ಚಿಕ್ಕಜ್ಜಿ ಎಂದು ಕರೆಯುತ್ತಾಳೆ. ಅವಳ ಶಾಲೆಯ ತಂಡದ ಆಯ್ಕೆಗೆ ಹೆಸರು ಕೊಡಬೇಕೋ ಬೇಡವೋ ಎಂದು ಮನೆಯಲ್ಲಿ ಎರಡು ವಾರದಿಂದ ಚರ್ಚೆ ನಡೆದಿತ್ತು. ಅಭ್ಯಾಸದ ಸಮಯಕ್ಕೇ ಗಣಿತದ ಕ್ಲಾಸು. ಅಪ್ಪ ಅಮ್ಮ ‘ನಿನ್ನಿಷ್ಟ’ ಎನ್ನುತ್ತಿದ್ದರು. ಆದರೆ ಆ ‘ನಿನ್ನಿಷ್ಟ’ದಲ್ಲಿ ಅವರ ಇಷ್ಟ ಯಾವುದು ಎಂಬುದು ಮಗುವಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಮುಂದಿನ ಎರಡು ಸಾಲಿನಲ್ಲಿ ಆ ವಿಶ್ವವಿದ್ಯಾಲಯದ ಹುಡುಗಿಯರ ತಂಡ ಟ್ರ್ಯಾಕ್ ಸೂಟಿನಲ್ಲಿ ಬಂದು ಕುಳಿತಿತ್ತು. ಒಬ್ಬೊಬ್ಬರೂ ಆರಡಿ. ಹಿಂದಿನ ಸಾಲಿನಲ್ಲಿದ್ದ ನಮಗೆ ಪರದೆ ಕಾಣಬೇಕಾದರೆ ಕತ್ತು ಆಚೀಚೆ ಮಾಡಬೇಕಿತ್ತು. ದೀಪ ಆರಿತು.

ಪರದೆಯ ತುಂಬ ಒಬ್ಬ ಅಜ್ಜಿಯ ಮುಖ. ಅರವತ್ತು ದಾಟಿದ ಕಪ್ಪು ಹೆಂಗಸು, ನೇರವಾಗಿ ನಮ್ಮನ್ನೇ ನೋಡುತ್ತ ಮಾತಾಡುತ್ತಾಳೆ. ಕಥೆಯನ್ನು ಅವಳೇ ಹೇಳುವುದು, ಬೇರೆ ಯಾರ ಧ್ವನಿಯೂ ಅಡ್ಡ ಬರುವುದಿಲ್ಲ. ಮಾತಿನ ನಡುವೆ ನಗುತ್ತಾಳೆ. ಆ ನಗು ಹೇಗಿತ್ತೆಂದರೆ, ಇಂಗ್ಲಿಷಿನ ಆ ದಕ್ಷಿಣದ ಉಚ್ಚಾರಣೆ ನನಗೆ ಪೂರ್ತಿ ತಿಳಿಯದ ಕಡೆಯೂ ನಾನು ಜೊತೆಯಲ್ಲಿ ನಗುತ್ತಿದ್ದೆ.

ಲೂಸಿಯಾ ಹುಟ್ಟಿದ್ದು 1955ರಲ್ಲಿ, ಮಿಸಿಸಿಪಿ ರಾಜ್ಯದ ಮಿಂಟರ್ ಸಿಟಿಯಲ್ಲಿ. ಹೆಸರಿನಲ್ಲಿ ಸಿಟಿ ಇದೆಯಷ್ಟೆ, ಊರು ಹತ್ತಿಹೊಲಗಳ ನಡುವಿನ ಹಳ್ಳಿ. 11 ಮಕ್ಕಳ ತುಂಬು ಮನೆ. ಅಪ್ಪ ತರಕಾರಿ ಬೆಳೆಯುತ್ತಿದ್ದ ರೈತ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಎಂಬ ಕಾಲ ಅದು. ಹಾಗೆ ಬೇರೆ ಮಾಡುವುದು ಕಾನೂನಿಗೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲೇ ತೀರ್ಪು ಕೊಟ್ಟಿತ್ತು. ಆದರೆ ಮಿಸಿಸಿಪಿಯಲ್ಲಿ ಅದು ಜಾರಿಗೆ ಬರುವಷ್ಟರಲ್ಲಿ ಲೂಸಿಯಾ ಹೈಸ್ಕೂಲು ಸೇರಿಯಾಗಿತ್ತು.

ಹುಡುಗಿ ಬೆಳೆಯುತ್ತಲೇ ಹೋದಳು, ಆರಡಿ ಮೂರು ಅಂಗುಲದವರೆಗೆ. ಶಾಲೆಯಲ್ಲಿ ಮಕ್ಕಳು ಅವಳನ್ನು ನೋಡಿ ಪ್ರಾಸ ಕಟ್ಟಿ ಹಾಡುತ್ತಿದ್ದರಂತೆ. ಉದ್ದ ಇದ್ದಾಳೆ, ಉದ್ದ ಬಿಟ್ಟರೆ ಇನ್ನೇನೂ ಇಲ್ಲ ಎಂಬ ಅರ್ಥದ್ದು. ಚಿತ್ರದಲ್ಲಿ ಅದನ್ನು ಹೇಳುವಾಗಲೂ ಲೂಸಿಯಾ ನಗುತ್ತಾಳೆ. ಆದರೆ ಐವತ್ತು ವರ್ಷವಾದರೂ ಆ ಪ್ರಾಸವನ್ನು ಆಕೆ ಮರೆತಿಲ್ಲ ಎಂಬುದನ್ನು ದೊಡ್ಡವರು ಗಮನಿಸಬೇಕು.

ಮನೆಯಲ್ಲಿ ರಾತ್ರಿ ಟಿ.ವಿ.ಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ ಬರುತ್ತಿತ್ತು. ಅಮ್ಮ ಮಲಗಿಕೊಳ್ಳಿ ಎಂದು ಗದರುತ್ತಿದ್ದಳು. ಲೂಸಿಯಾ ಏನು ಮಾಡುತ್ತಿದ್ದಳು ಗೊತ್ತೇ? ಕೌದಿಯನ್ನು ತನ್ನ ತಲೆಯ ಮೇಲೂ ಟಿ.ವಿ.ಯ ಮೇಲೂ ಸೇರಿಸಿ ಹೊದ್ದು, ಬೆಳಕು ಹೊರಗೆ ಬೀಳದ ಹಾಗೆ ಒಳಗೆ ಕುಳಿತು ಆಟ ನೋಡುತ್ತಿದ್ದಳು. ಅವಳ ಮೆಚ್ಚಿನ ಆಟಗಾರ ಆಸ್ಕರ್ ರಾಬರ್ಟ್‌ಸನ್. ಅವನ ಹಾಗೆ ಚೆಂಡು ಎಸೆಯಬೇಕು ಎಂಬುದು ಆಸೆ. ಟಿ.ವಿ.ಯಲ್ಲಿ ಕಾಣುತ್ತಿದ್ದವರೆಲ್ಲ ಗಂಡಸರು. ಆ ಆಟ ಆಡಿ ಹೊಟ್ಟೆ ಹೊರೆಯುವ ಹೆಂಗಸು ಎಲ್ಲಿಯೂ ಇರಲಿಲ್ಲ.

ಇಲ್ಲಿ ಆಟದ ಹುಟ್ಟಿನ ಬಗ್ಗೆ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ. ಹೊರಗೆ ಹಿಮ. ಒಳಗೆ ಕೂತು ಬೇಸತ್ತ ಹುಡುಗರಿಗೆ ಏನಾದರೂ ಆಡಿಸಬೇಕಿತ್ತು. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಯ ಕಟಕಟೆಗೆ ಹೊಡೆಸಿ, ಇದರೊಳಗೆ ಚೆಂಡು ಹಾಕಿ ಎಂದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಮೇಲೆ ಹತ್ತಿ ತೆಗೆಯಬೇಕಿತ್ತು. ತಳ ಹೋಗಿ ಬಲೆ ಬಂದರೂ ಆ ಹತ್ತು ಅಡಿ ಇಂದಿಗೂ ಹಾಗೆಯೇ ಇದೆ. ನಮ್ಮ ದೇಶಕ್ಕೂ ಈ ಆಟ ವೈಎಂಸಿಎ ಮೂಲಕವೇ ಬಂತು.

ಮರುವರ್ಷವೇ, 1892ರಲ್ಲಿ, ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಹುಡುಗಿಯರಿಗೆ ಇದನ್ನು ಕಲಿಸಿದರು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಿದರೆ ಆರೋಗ್ಯ ಕೆಡುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಹಾಗಾಗಿ ನಿಯಮವನ್ನೇ ಬದಲಾಯಿಸಲಾಯಿತು. ಅಂಗಳವನ್ನು ಮೂರು ಭಾಗ ಮಾಡಿ ಗೆರೆ ಎಳೆದರು. ಯಾರ ಭಾಗ ಅವರದ್ದು, ಗೆರೆ ದಾಟುವ ಹಾಗಿಲ್ಲ, ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯುವ ಹಾಗಿಲ್ಲ. ಮುಂದೆ ಮೂರು ಭಾಗ ಹೋಗಿ ಎರಡಾಯಿತು. ತಂಡಕ್ಕೆ ಆರು ಹುಡುಗಿಯರು. ಮೂವರು ಚೆಂಡು ಹಾಕುವವರು, ಮೂವರು ತಡೆಯುವವರು. ನಡುಗೆರೆ ಯಾರೂ ದಾಟಬಾರದು. ಅಮೆರಿಕದ ಕಾಲೇಜು ಹುಡುಗಿಯರು ಗಂಡುಮಕ್ಕಳ ಹಾಗೆ ಐದು ಜನ ಇಡೀ ಅಂಗಳದಲ್ಲಿ ಓಡಿ ಆಡಲು ಶುರುಮಾಡಿದ್ದು 1971ರಲ್ಲಿ.

ಚಿತ್ರ ಮುಗಿದ ಮೇಲೆ ನಡೆದ ಮಾತುಕತೆಯಲ್ಲಿ ನನ್ನ ಪಕ್ಕದ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತರು. ಅಯೋವಾ ರಾಜ್ಯದವರು. ಅಲ್ಲಿನ ಹೈಸ್ಕೂಲುಗಳಲ್ಲಿ ಆ ಆರು ಹುಡುಗಿಯರ ಆಟ 1993ರವರೆಗೂ ಉಳಿದಿತ್ತು. ‘ನಾನು ನಾಲ್ಕು ವರ್ಷ ತಂಡದಲ್ಲಿದ್ದೆ. ತಡೆಯುವ ಕಡೆ ಇದ್ದೆ. ಒಂದು ಪಂದ್ಯದಲ್ಲಿಯೂ ಬುಟ್ಟಿಗೆ ಚೆಂಡು ಎಸೆದವಳಲ್ಲ, ಎಸೆಯುವ ಹಾಗೇ ಇರಲಿಲ್ಲ’ ಎಂದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಆ ಆಟ ನೋಡಲು ಊರಿಗೆ ಊರೇ ಬರುತ್ತಿತ್ತು ಎಂದೂ ಹೆಮ್ಮೆಯಿಂದ ಹೇಳಿದರು. ಮುಂದಿನ ಸಾಲಿನ ಹುಡುಗಿಯರು ಹಿಂದೆ ತಿರುಗಿ ಅವರನ್ನೇ ನೋಡುತ್ತ ಕುಳಿತರು.

ಮತ್ತೆ ಲೂಸಿಯಾಳ ಕಥೆಗೆ ಬರೋಣ. ಮಿಸಿಸಿಪಿಯ ಕ್ಲೀವ್‌ಲ್ಯಾಂಡ್ ಊರಿನ ಡೆಲ್ಟಾ ಸ್ಟೇಟ್ ಕಾಲೇಜಿಗೂ ಒಂದು ಹಳೆಯ ಗಾಯವಿತ್ತು. 1930ರ ದಶಕದ ಮೊದಲಲ್ಲಿ ಅಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೊಂದು ಚೆನ್ನಾಗಿ ಆಡುತ್ತಿತ್ತು. ಇದು ಹೆಣ್ಣುಮಕ್ಕಳಿಗೆ ತೀರಾ ಶ್ರಮದ ಆಟ ಎಂದು ಕಾಲೇಜು ತಂಡವನ್ನೇ ನಿಲ್ಲಿಸಿಬಿಟ್ಟಿತು. ಆಟಗಾರ್ತಿಯರು ಅತ್ತು, ತಮ್ಮ ಆಟದ ಬಟ್ಟೆಗಳನ್ನು ರಾಶಿ ಹಾಕಿ ಸುಟ್ಟರು. ಅವರಲ್ಲಿ ಮಾರ್ಗರೆಟ್ ವೇಡ್ ಎಂಬಾಕೆ ಒಬ್ಬಳು. ಸುಮಾರು ನಲವತ್ತು ವರ್ಷವಾದ ಮೇಲೆ ಅದೇ ಕಾಲೇಜು ತಂಡವನ್ನು ಮತ್ತೆ ಕಟ್ಟಲು ಹೊರಟಾಗ ಕರೆ ಹೋದದ್ದು ಅದೇ ಮಾರ್ಗರೆಟ್ ವೇಡ್‌ಗೆ. ಆಗ ಆಕೆಗೆ ಅರವತ್ತು ವರ್ಷ. ಅಷ್ಟೂ ವರ್ಷದಲ್ಲಿ ಬಹುಕಾಲ ಹೈಸ್ಕೂಲು ಹುಡುಗಿಯರಿಗೆ ಆಟ ಕಲಿಸಿಕೊಂಡಿದ್ದವರು ಅವರು.

ಕಾಲೇಜಿಗೆ ಇದ್ದಕ್ಕಿದ್ದ ಹಾಗೆ ಈ ಬುದ್ಧಿ ಬಂದದ್ದರ ಹಿಂದೆ ಒಂದು ಕಾನೂನು ಇತ್ತು. 1972ರ ಜೂನ್ 23ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಒಂದು ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದರ ಒಂಬತ್ತನೇ ಭಾಗ, ‘ಟೈಟಲ್ ನೈನ್’, ಹೇಳುವುದು ಇಷ್ಟೇ: ಸರ್ಕಾರದ ಹಣ ಪಡೆಯುವ ಯಾವ ಶಾಲೆ, ಕಾಲೇಜೂ ಹೆಣ್ಣು ಗಂಡು ಎಂದು ಭೇದ ಮಾಡಬಾರದು. ಇಂಗ್ಲಿಷಿನಲ್ಲಿ ಆ ವಾಕ್ಯ 37 ಪದಗಳದ್ದು. ಅದರಲ್ಲಿ ಆಟ ಎಂಬ ಪದವೇ ಇಲ್ಲ. ಆದರೆ ಆಟದ ಮೈದಾನವೂ ಶಾಲೆಯ ಭಾಗವೇ ತಾನೆ?

ಲೂಸಿಯಾ ಡೆಲ್ಟಾ ಸ್ಟೇಟ್‌ಗೆ ಸೇರಿದ್ದು ಇಂಥ ಹೊತ್ತಿನಲ್ಲಿ. ತಂಡದಲ್ಲಿ ಕಪ್ಪು ಹುಡುಗಿ ಅವಳೊಬ್ಬಳೇ. ಆಗ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್ ಎಂದರೆ ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲಾಟಾ ಎಂಬ ಸಣ್ಣ ಕಾಲೇಜಿನ ಹೆಸರು. ಸಿಸ್ಟರ್‌ಗಳು ನಡೆಸುತ್ತಿದ್ದ ಆ ಕಾಲೇಜು 1972, 1973, 1974ರಲ್ಲಿ ಸತತ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. 1975ರ ಫೈನಲ್‌ನಲ್ಲಿ ಡೆಲ್ಟಾ ಸ್ಟೇಟ್ ಅದೇ ಇಮ್ಯಾಕ್ಯುಲಾಟಾವನ್ನು 90-81ರಿಂದ ಸೋಲಿಸಿತು. 1976ರಲ್ಲಿ ಮತ್ತೆ ಅವರನ್ನೇ 69-64ರಿಂದ. 1977ರಲ್ಲಿ ಲೂಸಿಯಾನಾ ಸ್ಟೇಟ್ ತಂಡವನ್ನು 68-55ರಿಂದ. ಮೂರು ವರ್ಷ, ಮೂರು ಪ್ರಶಸ್ತಿ. ನಡುವೆ ಒಂದೂ ಸೋಲದೆ ಸಾಲಾಗಿ 51 ಪಂದ್ಯ ಗೆದ್ದದ್ದೂ ಉಂಟು.

ನಾಲ್ಕು ವರ್ಷದಲ್ಲಿ ಲೂಸಿಯಾ ಹಾಕಿದ ಅಂಕ 2,981. ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡನ್ನು ಹಾರಿ ಹಿಡಿಯುವುದು, 1,662. ಸರಾಸರಿ ಪಂದ್ಯಕ್ಕೆ ಸುಮಾರು 26 ಅಂಕ. ನ್ಯೂಯಾರ್ಕಿನ ಹೆಸರಾಂತ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ಪಂದ್ಯದಲ್ಲಿ 47 ಅಂಕ ಹಾಕಿದಳು. ಹಳೆಯ ಫಿಲಂ ತುಣುಕಿನಲ್ಲಿ ಆ ಆಟ ನೋಡಬೇಕು. ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಚೆಂಡು ಕೈಗೆ ಬರುತ್ತದೆ, ಅರೆ ತಿರುವು, ಚೆಂಡು ಒಳಗೆ. ಸುತ್ತ ಮೂವರು ನಿಂತು ಕೈ ಎತ್ತಿದರೂ ಏನೂ ಮಾಡಲಾಗುತ್ತಿರಲಿಲ್ಲ.

1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್. ಗಂಡಸರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದಿದ್ದು 1936ರಲ್ಲಿ. ಹೆಂಗಸರಿಗೆ ಅವಕಾಶ ಸಿಕ್ಕಿದ್ದು ನಲವತ್ತು ವರ್ಷ ಕಳೆದು ಇದೇ ಮೊದಲು. ಜಪಾನ್ ವಿರುದ್ಧದ ಪಂದ್ಯ. ಒಲಿಂಪಿಕ್ಸ್ ಚರಿತ್ರೆಯಲ್ಲಿ ಹೆಂಗಸೊಬ್ಬಳು ಬುಟ್ಟಿಗೆ ಹಾಕಿದ ಮೊಟ್ಟಮೊದಲ ಚೆಂಡು ಲೂಸಿಯಾ ಹ್ಯಾರಿಸ್‌ಳದ್ದು. ಆ ಪಂದ್ಯವನ್ನು ಅಮೆರಿಕ ಸೋತಿತು. ಆದರೆ ಕೊನೆಗೆ ಬೆಳ್ಳಿ ಪದಕ ಬಂತು, ಚಿನ್ನ ಸೋವಿಯತ್ ಒಕ್ಕೂಟಕ್ಕೆ. ಕೌದಿಯೊಳಗೆ ಕೂತು ಆಟ ನೋಡುತ್ತಿದ್ದ ಹುಡುಗಿಯನ್ನು ಈಗ ಲೋಕ ಟಿ.ವಿ.ಯಲ್ಲಿ ನೋಡುತ್ತಿತ್ತು.

ಆಮೇಲೆ ಬಂತು 1977ರ ಜೂನ್. ಅಮೆರಿಕದ ವೃತ್ತಿಪರ ಗಂಡಸರ ಲೀಗ್ ಎನ್‌ಬಿಎಯಲ್ಲಿ ಪ್ರತಿವರ್ಷ ತಂಡಗಳು ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆಯ್ದುಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆ ವರ್ಷ ಏಳನೇ ಸುತ್ತಿನಲ್ಲಿ, 137ನೆಯ ಆಯ್ಕೆಯಾಗಿ, ನ್ಯೂ ಆರ್ಲಿಯನ್ಸ್ ಜಾಝ್ ತಂಡ ಕರೆದ ಹೆಸರು: ಲೂಸಿಯಾ ಹ್ಯಾರಿಸ್. ಅದಕ್ಕೂ ಮುಂಚೆ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಅಯೋವಾದ ಡೆನೀಸ್ ಲಾಂಗ್ ಎಂಬ ಹುಡುಗಿಯನ್ನು ಆಯ್ದಿತ್ತು. ಆದರೆ ಲೀಗ್ ಅದನ್ನು ಒಪ್ಪಲಿಲ್ಲ. ಹಾಗಾಗಿ ಎನ್‌ಬಿಎ ತಂಡವೊಂದು ಅಧಿಕೃತವಾಗಿ ಡ್ರಾಫ್ಟ್‌ನಲ್ಲಿ ಆಯ್ದುಕೊಂಡ ಒಬ್ಬಳೇ ಹೆಂಗಸು ಎಂಬ ಹೆಸರು ಇಂದಿಗೂ ಲೂಸಿಯಾಳದ್ದೇ.

ಅವಳು ಹೋಗಲಿಲ್ಲ.

ಆಯ್ಕೆಯ ಅಭ್ಯಾಸಕ್ಕೂ ಹೋಗಿ ನೋಡಲಿಲ್ಲ. ಅದೇ ವರ್ಷ ಮದುವೆಯಾಗಿತ್ತು, ಬಸುರಿಯೂ ಆಗಿದ್ದಳು. ಜೊತೆಗೆ, ಇದು ಪತ್ರಿಕೆಯಲ್ಲಿ ಸುದ್ದಿಯಾಗಲೆಂದು ಮಾಡಿದ್ದು ಎಂದು ಅವಳಿಗೆ ಅನ್ನಿಸಿತ್ತು. ಗಂಡಸರ ಜೊತೆಗೆ ಆ ಮಟ್ಟದಲ್ಲಿ ಆಡುವುದು ತನ್ನಿಂದ ಆಗದು ಎಂದೂ ಅವಳೇ ಲೆಕ್ಕ ಹಾಕಿದ್ದಳು. ಚಿತ್ರದಲ್ಲಿ ಅದಕ್ಕೆ ವಿಷಾದವಿಲ್ಲ ಎನ್ನುತ್ತಾಳೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತ್ಯದ ಕಥೆ. ಚಿತ್ರ ಇಲ್ಲಿಗೆ ನಿಲ್ಲುವುದಿಲ್ಲ. ಕಾಲೇಜು ಮುಗಿದ ಮೇಲೆ ಲೂಸಿಯಾಳಿಗೆ ಆಡಲು ಜಾಗವೇ ಇರಲಿಲ್ಲ. ಹೆಂಗಸರಿಗೆಂದು ಶುರುವಾದ ಒಂದು ಲೀಗ್‌ನಲ್ಲಿ 1979-80ರಲ್ಲಿ ಹ್ಯೂಸ್ಟನ್ ತಂಡಕ್ಕೆ ಆಡಿದಳು. ಅದೂ ಬಹಳ ದಿನ ನಡೆಯದೆ ಮುಚ್ಚಿಹೋಯಿತು. ಇಂದು ಎಲ್ಲರೂ ಬಲ್ಲ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯ ಪಂದ್ಯಗಳು ಶುರುವಾದದ್ದು 1997ರಲ್ಲಿ. ಆಗ ಲೂಸಿಯಾಳಿಗೆ 42 ವರ್ಷ. ಓದಿದ ಕಾಲೇಜಿನಲ್ಲಿ ಕೆಲಸ ಮಾಡಿ, ಆಮೇಲೆ ಮಿಸಿಸಿಪಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಆಟ ಕಲಿಸಿ ಜೀವನ ಮಾಡಿದಳು. ನಾಲ್ಕು ಮಕ್ಕಳನ್ನು ಬೆಳೆಸಿದಳು. ಮನಸ್ಸಿನ ಕಾಯಿಲೆಯೂ ಬಂತು, ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಕೆಲವು ದಿನ ವಿಪರೀತ ಉತ್ಸಾಹಕ್ಕೆ ಏರಿ, ಕೆಲವು ದಿನ ಏಳಲಾಗದಷ್ಟು ಕುಸಿಯುವ ಕಾಯಿಲೆ. ಅದನ್ನು ಲೂಸಿಯಾ ಮುಚ್ಚಿಡದೆ, ಮಂಡಿನೋವು ಹೇಳಿದಷ್ಟೇ ಸಹಜವಾಗಿ ಹೇಳುತ್ತಾಳೆ. ನಮ್ಮಲ್ಲಿ ಮನೆಮಂದಿಗೂ ಹೇಳಿಕೊಳ್ಳದ ವಿಷಯ ಅದು. ಸಭಾಂಗಣದಲ್ಲಿ ಆಗ ಪಾಪ್‌ಕಾರ್ನ್ ಸದ್ದೂ ಇರಲಿಲ್ಲ.

1992ರಲ್ಲಿ ನೈಸ್ಮಿತ್ ಹೆಸರಿನ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವಳನ್ನು ಸೇರಿಸಿಕೊಂಡರು. ಅಲ್ಲಿ ಸ್ಥಾನ ಪಡೆದ ಮೊದಲ ಕಪ್ಪು ಮಹಿಳೆ. ಆದರೂ ಜನಕ್ಕೆ ಅವಳ ಹೆಸರು ಗೊತ್ತಿರಲಿಲ್ಲ. 2021ರಲ್ಲಿ ಬೆನ್ ಪ್ರೌಡ್‌ಫುಟ್ ಎಂಬ ನಿರ್ದೇಶಕ ಈ ಚಿತ್ರ ಮಾಡಿದ. ಶಕೀಲ್ ಓ’ನೀಲ್, ಸ್ಟೀಫನ್ ಕರಿಯಂಥ ದೊಡ್ಡ ಆಟಗಾರರು ನಿರ್ಮಾಪಕರಾಗಿ ಜೊತೆಗೂಡಿದರು. 2022ರ ಮಾರ್ಚ್‌ನಲ್ಲಿ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಅದನ್ನು ನೋಡಲು ಲೂಸಿಯಾ ಇರಲಿಲ್ಲ. ಜನವರಿ 18ರಂದು, 66ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದಳು.

ದೀಪ ಹತ್ತಿದ ಮೇಲೆ ತಂಡದ ಕೋಚ್ ‘ಪ್ರಶ್ನೆ ಇದ್ದರೆ ಕೇಳಿ’ ಎಂದರು. ಅಯೋವಾದ ಅಜ್ಜಿ ಮಾತಾಡಿದ್ದು ಆಗಲೇ. ಅವರು ಕುಳಿತ ಮೇಲೆ ನನ್ನ ಪಕ್ಕದಿಂದ ಕೈ ಎದ್ದಿತು. ನಮ್ಮ ಹುಡುಗಿ. ‘ಆಕೆ ಎನ್‌ಬಿಎಗೆ ಹೋಗಬೇಕಿತ್ತು ಅಲ್ಲವಾ? ಹೋಗದೆ ಇದ್ದದ್ದು ತಪ್ಪಾ?’

ಮುಂದಿನ ಸಾಲಿನ ಒಬ್ಬ ಆಟಗಾರ್ತಿ ಎದ್ದು ಉತ್ತರ ಕೊಟ್ಟಳು. ‘ನಾನು ಈ ಚಿತ್ರವನ್ನು ಮೂರನೇ ಸಲ ನೋಡುತ್ತಿದ್ದೇನೆ. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು, ಅಯ್ಯೋ ಹೋಗಬಾರದಿತ್ತೇ ಎಂದು. ಈಗ ಅನ್ನಿಸುವುದೇ ಬೇರೆ. ಅವಳಿಗೆ ಬಂದದ್ದು ಒಂದೇ ಕರೆ. ಅದೂ ಗಂಡಸರ ಜೊತೆ ಆಡು ಎಂಬ ಕರೆ. ನನಗಾದರೆ ನಾಲ್ಕು ದಾರಿ ಇವೆ. ಇಲ್ಲಿಯ ಲೀಗ್ ಇದೆ, ಯುರೋಪಿನ ತಂಡಗಳಿವೆ, ಕೋಚ್ ಆಗಬಹುದು, ಬೇಡವೆಂದರೆ ಬಿಡಬಹುದು. ನಾನು ಬಿಟ್ಟರೆ ಅದು ನಾನು ಬಿಟ್ಟದ್ದು.’ ಹೀಗೆಂದು ಕುಳಿತಳು.

ಆ ಹುಡುಗಿಯ ಮಾತನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದೆ. ಲೂಸಿಯಾ ಚಿತ್ರದಲ್ಲಿ ಎರಡು ಮಾತು ಹೇಳುತ್ತಾಳೆ. ವಿಷಾದವಿಲ್ಲ ಎನ್ನುವುದು ಒಂದು. ತಾನು ಗಂಡಾಗಿದ್ದರೆ ಮುಂದೆ ಆಡಲು ದಾರಿ ಇರುತ್ತಿತ್ತು ಎನ್ನುವುದು ಇನ್ನೊಂದು. ಮೊದಲು ಕೇಳಿದಾಗ ಇವೆರಡು ಒಂದಕ್ಕೊಂದು ಹೊಂದುವುದಿಲ್ಲ ಎನ್ನಿಸುತ್ತದೆ. ಆದರೆ ಹೊಂದುತ್ತವೆ. ಗಂಡನನ್ನು, ಮಕ್ಕಳನ್ನು, ಪಾಠ ಹೇಳುವ ಕೆಲಸವನ್ನು ಅವಳು ಬೇಕೆಂದೇ ಆರಿಸಿಕೊಂಡಳು, ಪ್ರೀತಿಯಿಂದಲೇ ಮಾಡಿದಳು. ಅದರಲ್ಲಿ ವಿಷಾದಪಡುವಂಥದ್ದು ಇಲ್ಲ. ಆದರೆ ಆಟವನ್ನು ಅವಳು ಬಿಡಲಿಲ್ಲ, ಆಡಲು ಅಂಗಳವೇ ಇಲ್ಲದೆ ಹೋಯಿತು. ಆಸ್ಕರ್ ರಾಬರ್ಟ್‌ಸನ್ ಕೂಡ ಮದುವೆಯಾದ, ಮಕ್ಕಳನ್ನು ಪಡೆದ. ಆಟವೋ ಮನೆಯೋ ಎಂದು ಅವನನ್ನು ಯಾರೂ ಕೇಳಲಿಲ್ಲ.

ನಮ್ಮ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೀಗೆ ಆಟ ‘ಬಿಟ್ಟಿಲ್ಲ’? ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟಕ್ಕೆ ಕೊಕ್ಕೊ ಆಡಿದ ಹುಡುಗಿ ಎಸ್ಸೆಸ್ಸೆಲ್ಸಿಗೆ ಬಂದ ಕೂಡಲೇ ಕಿಟ್ ಬ್ಯಾಗು ಅಟ್ಟಕ್ಕೆ ಹೋಗುತ್ತದೆ. ಯಾರೂ ಬೈದಿರುವುದಿಲ್ಲ, ಬೇಡ ಎಂದೂ ಹೇಳಿರುವುದಿಲ್ಲ. ಟ್ಯೂಷನ್ ಸಮಯ ಬದಲಾಗುತ್ತದೆ. ಸಂಜೆ ಆರಕ್ಕೆ ಕತ್ತಲಾಗುತ್ತದೆ, ಮೈದಾನ ಮನೆಯಿಂದ ದೂರ. ಜೊತೆಗೆ ಕಳಿಸಲು ಅಣ್ಣ ಇಲ್ಲ. ಮೈದಾನದಲ್ಲಿ ಬಟ್ಟೆ ಬದಲಿಸಲು ಕೋಣೆ ಇಲ್ಲ. ತಿಂಗಳ ಆ ದಿನಗಳಲ್ಲಿ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಆಮೇಲೆ ‘ಅವಳಿಗೇ ಆಸಕ್ತಿ ಹೋಯಿತು’ ಎನ್ನುತ್ತೇವೆ. ಎಲ್ಲರೂ ಆಟಗಾರ್ತಿಯರಾಗಬೇಕು ಎಂದು ನಾನು ಹೇಳುತ್ತಿಲ್ಲ. ಗಣಿತ ಬೇಕು, ಪರೀಕ್ಷೆ ಬೇಕು. ಆದರೆ ಮಗು ಬಿಡುವುದಾದರೆ ತಾನೇ ಬಿಡಲಿ. ನಾವು ಬಾಗಿಲು ಹಾಕಿಕೊಂಡು ಅವಳೇ ಒಳಗೆ ಬರಲಿಲ್ಲ ಎನ್ನುವುದು ಬೇಡ.

ದಾರಿ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೇ ಬೇಕಾಗಿಲ್ಲ. 2017ರ ಜುಲೈನಲ್ಲಿ ಏಷ್ಯಾ ಕಪ್ ಮಹಿಳಾ ಬಾಸ್ಕೆಟ್‌ಬಾಲ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75-73ರಿಂದ, ಅಂದರೆ ಬರೀ ಒಂದು ಬುಟ್ಟಿಯ ಅಂತರದಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಆ ತಂಡದ ಪ್ರತಿಯೊಬ್ಬ ಹುಡುಗಿಯ ಹಿಂದೆಯೂ ಯಾರೋ ಒಬ್ಬರು ಬೆಳಗಿನ ಜಾವ ಎದ್ದು ಮೈದಾನಕ್ಕೆ ಕರೆದುಕೊಂಡು ಹೋದವರು ಇರಲೇಬೇಕು.

ಇನ್ನೊಂದು ವಿಷಯ. ಈ ಚಿತ್ರದ ಜೀವ ಇರುವುದು ಹಳೆಯ ಫಿಲಂ ತುಣುಕುಗಳಲ್ಲಿ, ಫೋಟೋಗಳಲ್ಲಿ. ಡೆಲ್ಟಾ ಸ್ಟೇಟ್ ಕಾಲೇಜಿನವರು ಅವನ್ನು ತಮ್ಮ ಭಂಡಾರದಲ್ಲಿ ಕಾಪಾಡಿ ಇಟ್ಟಿದ್ದರು. ಹಾಗೆ ಇಡದಿದ್ದರೆ ನಮಗೆ ಅಜ್ಜಿಯ ಮಾತು ಕೇಳುತ್ತಿತ್ತು, ಹುಡುಗಿಯ ಆಟ ಕಾಣುತ್ತಿರಲಿಲ್ಲ. ನಿಮ್ಮ ಊರಿನ ಹೈಸ್ಕೂಲಿನಲ್ಲೂ ಹೆಡ್‌ಮಾಸ್ಟರ್ ಕೋಣೆಯ ಬೀರುವಿನ ಮೇಲೆ ಧೂಳು ಹಿಡಿದ ಒಂದು ಕಪ್ಪು ಬಿಳುಪು ಫೋಟೋ ಇರಬಹುದು. ಎರಡು ಜಡೆ, ಬಿಳಿ ಸಮವಸ್ತ್ರ, ನಡುವೆ ಒಂದು ಷೀಲ್ಡು, ಕೆಳಗೆ ಸುಣ್ಣದ ಬಣ್ಣದಲ್ಲಿ ಬರೆದ ವರ್ಷ. ಹಿಂದಿನ ಸಾಲಿನ ತುದಿಯಲ್ಲಿ ನಿಂತ ಉದ್ದನೆಯ ಹುಡುಗಿ ಈಗ ಯಾರದೋ ಅಜ್ಜಿ.

ಸಾಕ್ಷ್ಯಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಎಂಟು ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಕುಳಿತು ನೋಡಬಹುದು. ಇಂಗ್ಲಿಷಿನ ಉಚ್ಚಾರಣೆ ಕಷ್ಟವಾದರೆ ಕೆಳಗೆ ಅಕ್ಷರ ಬರುವಂತೆ ಹಾಕಿಕೊಳ್ಳಿ. ಮನಸ್ಸಿನ ಕಾಯಿಲೆಯ ಮಾತು ಬಂದಾಗ ಮಗು ಕೇಳಿದರೆ ಮಾತು ತಿರುಗಿಸಬೇಡಿ. ಜ್ವರ ಬಂದ ಹಾಗೆ ಅದೂ ಬರುತ್ತದೆ, ವೈದ್ಯರು ಇದ್ದಾರೆ ಎಂದು ಹೇಳಿದರೆ ಸಾಕು.

ಮಕ್ಕಳೇ, ನಿಮಗೆ ಈ ವಾರ ಒಂದು ಕೆಲಸ. ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಶಾಲೆಯಲ್ಲಿ ಯಾವ ಆಟ ಆಡುತ್ತಿದ್ದೆ? ಯಾವ ಕ್ಲಾಸಿನಲ್ಲಿ ನಿಂತಿತು? ಯಾಕೆ ನಿಂತಿತು? ಮೊದಲನೆಯ ಪ್ರಶ್ನೆಗೆ ನಗುತ್ತಾರೆ. ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವಸರ ಮಾಡಬೇಡಿ. ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅವರ ಹಳೆಯ ಫೋಟೋ ಇದ್ದರೆ ಪಕ್ಕದಲ್ಲಿ ಅಂಟಿಸಿ.